ಹೆಂಡತಿಯ ಹಿಂದೆ ಹೊರಟವನು

ಮಚ್ಚಿನ ಅಲಗು ನನ್ನ ಕುತ್ತಿಗೆಗೆ ಒತ್ತಿತ್ತು.

ಹಿಡಿದವನ ಹೆಸರು ವಸಂತ್. ಕಡಲ ತೀರದಲ್ಲಿ ರಿಸಾರ್ಟ್ ಇಟ್ಟುಕೊಂಡಿದ್ದ ಮನುಷ್ಯ. ಆದರೆ ನಾವಿದ್ದ ಜಾಗಕ್ಕೂ ಕಡಲಿಗೂ ಬಲು ದೂರ... ಮೈಸೂರಿನ ಹೊರಗೆ, ಇಲವಾಲದ ಹತ್ತಿರ ಹೊಸದಾಗಿ ಎದ್ದ ಒಂದು ಲೇಔಟಿನ ಒಂಟಿ ಮನೆ.

ಎದುರಿಗೆ ನನ್ನ ಹೆಂಡತಿ ಮಂಜುಶ್ರೀ. ಅವಳ ಪಕ್ಕದಲ್ಲಿ ಸುದರ್ಶನ.

ನಿಜ ಹೇಳ್ತೀನಿ ಸಾರ್. ಮಚ್ಚು ಹಿಡಿದವನ ಮೇಲೆ ನನಗೆ ಅಷ್ಟು ಸಿಟ್ಟು ಬರಲಿಲ್ಲ. ಸುದರ್ಶನನ ಕೈ ನನ್ನ ಹೆಂಡತಿಯ ತೋಳು ಹಿಡಿದಿತ್ತು.

ನಾನು ನೋಡ್ತಿದ್ದದ್ದು ಆ ಕೈಯನ್ನ!

ನನ್ನ ಕಸುಬು ನಿಮಗೆ ಗೊತ್ತು. ಪ್ರೈವೇಟ್ ಡಿಟೆಕ್ಟಿವ್ ವಿಜಯ್‌ಕುಮಾರ್. ಶಿವರಾಂಪೇಟೆಯಲ್ಲಿ ಒಂದು ಕೋಣೆಯ ಆಫೀಸು, ಒಂದು ಹಳೇ ಬೈಕು, ಒಂದು ಕ್ಯಾಮೆರಾ. ಗಂಡಂದಿರು ಬಂದು ಹೆಂಡತಿಯ ಮೇಲೆ ಅನುಮಾನ ಅಂತಾರೆ. ಹೆಂಡತಿಯರು ಬಂದು ಗಂಡನ ಮೇಲೆ ಅಂತಾರೆ. ನಾನು ಹಿಂದೆ ಹೋಗ್ತೀನಿ. ಹತ್ತರಲ್ಲಿ ಒಂಬತ್ತು ಸಲ ಅನುಮಾನ ನಿಜವಾಗಿರುತ್ತೆ. ಇಂಥಾ ಕೆಲಸ ಮಾಡಿದವನಿಗೆ ಮನೆಗೆ ಬಂದ ಮೇಲೂ ಕಣ್ಣು ಮುಚ್ಚೋಕೆ ಬರಲ್ಲ.

ಮಂಜುಶ್ರೀ ಕುವೆಂಪುನಗರದಲ್ಲಿ ಟೈಲರಿಂಗ್ ಕ್ಲಾಸ್ ನಡೆಸ್ತಾಳೆ. ಕಡಿಮೆ ಮಾತು, ನೆಟ್ಟಗಿನ ಮಾತು. ಮದುವೆಯಾದಾಗಿನಿಂದ ನಾವಿಬ್ಬರೇ ಎಲ್ಲಿಗೂ ಹೋಗಿರಲಿಲ್ಲ. ಒಂದು ದಿನ ಅವಳೇ ಮೊಬೈಲ್ ತಂದು ಮುಂದೆ ಹಿಡಿದಳು. ಕಾರವಾರದ ಕಡೆ, ಊರು ಕೇರಿ ಇಲ್ಲದ ಒಂದು ತೀರದ ರಿಸಾರ್ಟು. ನೀಲಿ ಸಮುದ್ರ, ಬಿಳೀ ಮಂಚ, ಮಂಚದ ಮೇಲೆ ಗುಲಾಬಿ ಎಸಳು.

ಹೋದೆವು.

ಫೋಟೋದಲ್ಲಿದ್ದ ಸಮುದ್ರ ಅಲ್ಲಿರಲಿಲ್ಲ ಸಾರ್. ಇದ್ದದ್ದು ಕೆಸರು. ನೀರು ನೋಡಬೇಕು ಅಂದ್ರೆ ಹರಕು ಬಲೆ, ಪ್ಲಾಸ್ಟಿಕ್ಕು ತುಳಿದುಕೊಂಡು ಹೋಗಬೇಕು. ಸ್ವಿಮ್ಮಿಂಗ್ ಪೂಲ್ ಪಾಚಿ ಕಟ್ಟಿ ಕಪ್ಪೆಗಳ ಪಾಲಾಗಿತ್ತು. ಏಸಿ ಗೊರಗೊರ ಅಂತಿತ್ತು, ತಣ್ಣಗೆ ಮಾತ್ರ ಆಗ್ತಿರಲಿಲ್ಲ. ಮೀನು ಕೇಳಿದ್ರೆ ಮೀನು ಬಂದಿಲ್ಲ ಅಂತಿದ್ದರು. ಸಮುದ್ರದ ಪಕ್ಕದಲ್ಲಿ ಕೂತು ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅದೇ ಉಪ್ಪಿಟ್ಟಿನ ತಮ್ಮನಂಥ ಪಲಾವು. ಫೋನಿಗೆ ಸಿಗ್ನಲ್ಲೂ ಇಲ್ಲ. ದೂರು ಹೇಳೋಣ ಅಂದ್ರೆ ಓನರ್ ವಸಂತ್ ಕೈ ಮುಗಿದು ನಗ್ತಿದ್ದ, ಅಷ್ಟೇ.

ಮೊದಲನೇ ದಿನ ಇಬ್ಬರೂ ನಕ್ಕೆವು. ಎರಡನೇ ದಿನ ಸುದರ್ಶನ ಸಿಕ್ಕಿದ.

ಅವನೂ ಮೈಸೂರಿನವನೇ. ಲಕ್ಷ್ಮೀಪುರಂ. ಅಜ್ಜ ಅರಮನೆಯಲ್ಲಿ ಪಂಡಿತರಾಗಿದ್ದರಂತೆ, ಇವನು ಆರ್ಕಿಟೆಕ್ಟು. ಒಬ್ಬನೇ ಬಂದಿದ್ದ. ಅಂಥಾ ಹಾಳು ಜಾಗಕ್ಕೆ ಒಬ್ಬನೇ ಯಾವ ಗಂಡಸು ಬರ್ತಾನೆ? ಒಗೆದು ಇಸ್ತ್ರಿ ಮಾಡಿದ ಜುಬ್ಬ, ಮೆತ್ತನೆ ದನಿ, ಎದುರಿಗಿದ್ದವರು ಮಾತು ಮುಗಿಸೋವರೆಗೂ ಕಾಯೋ ಗುಣ. ಅದೊಂದು ಗುಣ ನನಗಿಲ್ಲ.

ನಾನು ಸ್ನಾನ ಮುಗಿಸಿ ಬರೋದರೊಳಗೆ ಇಬ್ಬರೂ ವರಾಂಡದಲ್ಲಿ ಕೂತು ಪಿಸುಪಿಸು ಅಂತಿದ್ದರು. ನನ್ನ ಕಂಡ ತಕ್ಷಣ ನಿಲ್ಲಿಸಿದರು.

ಒದ್ದೆ ತಲೆಯಲ್ಲೇ ಕುರ್ಚಿ ಎಳೆದು ಇಬ್ಬರ ನಡುವೆ ಕೂತೆ.

ಆವತ್ತಿನಿಂದ ಮಂಜುಶ್ರೀ ಬೇರೆಯವಳೇ ಆದಳು. ಬಾತ್‌ರೂಮಿನ ಗೀಸರ್ ಸ್ವಿಚ್ಚಿನ ಮೇಲೆ ಒಂದು ಟವೆಲ್ ಇಳಿಬಿಟ್ಟಿದ್ದಳು. ಮೈ ಒರೆಸೋಕೆ ಅದನ್ನ ಎಳೆದಿದ್ದಕ್ಕೆ ನನ್ನ ಮೇಲೆ ಹಾರಿಬಿದ್ದಳು. ನಾನು ಮುಟ್ಟೋಕೆ ಹೋದರೆ ಸರಿದು ಮಲಗಿದಳು. ಕಾರಣ ಕೇಳಿದರೆ ತಲೆನೋವು ಅಂದಳು.

ತಲೆನೋವಿನ ಹೆಸರು ಸುದರ್ಶನ ಅಂತ ನಾನು ತೀರ್ಮಾನ ಮಾಡಿದೆ.

ಮೈಸೂರಿಗೆ ವಾಪಸ್ ಬಂದೆವು. ಅವಳಿಗೆ ಫೋನ್ ಬರೋಕೆ ಶುರುವಾಯ್ತು. ರಿಂಗಾದ ಕೂಡಲೇ ಹಿತ್ತಲಿಗೆ ಹೋಗ್ತಿದ್ದಳು. ಬಂದಾಗ ಮುಖದಲ್ಲಿ ರಕ್ತವೇ ಇರ್ತಿರಲಿಲ್ಲ. ಯಾರು ಅಂದರೆ, ಕ್ಲಾಸಿನವರು ಅಂತಿದ್ದಳು. ಇಂಥಾ ಉತ್ತರ ನಾನು ಎಷ್ಟು ಕೇಸಿನಲ್ಲಿ ಕೇಳಿಲ್ಲ ಸಾರ್!

ಒಂದು ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಹೋಗಿಬರ್ತೀನಿ ಅಂತ ಹೊರಟಳು. ಕೈಯಲ್ಲಿ ಹೂವಿನ ಬುಟ್ಟಿ ಇತ್ತು. ಬಸ್ಸಿನ ಹಿಂದೆ ನನ್ನ ಬೈಕು. ದೇವಸ್ಥಾನದೊಳಗೆ ಅವಳು ಹೋಗಲೇ ಇಲ್ಲ. ಕಡ್ಲೆಪುರಿ ಅಂಗಡಿಗಳ ಹಿಂದೆ, ಒಂದು ಕಲ್ಲುಬೆಂಚಿನ ಮೇಲೆ ಸುದರ್ಶನ ಕಾಯ್ತಿದ್ದ. ಅವಳು ಅತ್ತಳು. ಅವನು ಕರ್ಚೀಫು ಕೊಟ್ಟ.

ಬೇರೆಯವರ ಹೆಂಡತಿಯಾಗಿದ್ದರೆ ಫೋಟೋ ತೆಗೆದು ಕೇಸು ಮುಗಿಸ್ತಿದ್ದೆ. ಆವತ್ತು ಕ್ಯಾಮೆರಾ ಬ್ಯಾಗಿನಿಂದ ಹೊರಗೇ ತೆಗೆಯಲಿಲ್ಲ. ನನ್ನ ಮುಂದೆ ಅವಳು ಅತ್ತಿದ್ದೇ ನನಗೆ ನೆನಪಿರಲಿಲ್ಲ. ಅವನ ಮುಂದೆ ಅಳ್ತಾಳಲ್ಲ!

ಅವಳನ್ನ ನೇರ ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಸುಳ್ಳು ಹೇಳ್ತಾರೆ, ಹಿಂದೆ ಹೋದರೆ ಸತ್ಯ ಸಿಗುತ್ತೆ... ನನ್ನ ಕಸುಬು ಕಲಿಸಿದ್ದು ಇಷ್ಟೇ.

ಎರಡು ದಿನ ಬಿಟ್ಟು, ಮಟಮಟ ಮಧ್ಯಾಹ್ನ, ಅವಳು ಸುದರ್ಶನನ ಕಾರು ಹತ್ತಿದಳು. ಕಾರು ಹುಣಸೂರು ರಸ್ತೆ ಹಿಡಿಯಿತು. ನಾನು ದೂರದಲ್ಲಿ. ಇಲವಾಲ ದಾಟಿ ಲೇಔಟಿನೊಳಗೆ ತಿರುಗಿ ಆ ಒಂಟಿ ಮನೆ ಮುಂದೆ ನಿಂತಿತು. ಇಬ್ಬರೂ ಒಳಗೆ ಹೋದರು. ಬಾಗಿಲು ಹಾಕಿಕೊಂಡಿತು.

ಆ ಬಾಗಿಲು ಹಾಕಿದ ಸದ್ದು ಇನ್ನೂ ಕಿವಿಯಲ್ಲಿದೆ.

ಹಿಂದಿನ ಬಾಗಿಲಿಗೆ ಹೋಗಿ ಒದ್ದೆ. ಚಿಲಕ ಕಿತ್ತುಬಂತು. ಇವರಿಬ್ಬರನ್ನ ಮಂಚದ ಮೇಲೆ ಹಿಡೀತೀನಿ ಅಂತ ನುಗ್ಗಿದೆ. ಮಂಚ ಇರಲಿಲ್ಲ. ಒಂದು ಮೇಜು, ಮೇಜಿನ ಮೇಲೆ ತೆರೆದ ಲ್ಯಾಪ್‌ಟಾಪ್, ಅದರ ಹಿಂದೆ ವಸಂತ್. ಅವನು ಕುರ್ಚಿ ಕೆಳಗಿನಿಂದ ಮಚ್ಚು ಎಳೆದು, ನನ್ನ ಹಿಂದಿನಿಂದ ಬಂದು ಹಿಡಿದುಕೊಂಡ.

ಈಗ ನಾವು ಮೊದಲಿನ ಜಾಗಕ್ಕೆ ಬಂದೆವು ಸಾರ್.

ಸುದರ್ಶನನನ್ನ ಬಾಯಿಗೆ ಬಂದಂತೆ ಬೈದೆ. ಮಚ್ಚು ಇನ್ನೂ ಸ್ವಲ್ಪ ಒತ್ತಿತು. ನನ್ನನ್ನ ಯಾರು ಕಳಿಸಿದ್ದು, ಹೊರಗೆ ಪೊಲೀಸಿನವರಿದ್ದಾರಾ ಅಂತ ವಸಂತ್ ಕಿರುಚಿದ.

ಮಂಜುಶ್ರೀ ಅಲ್ಲಾಡಲಿಲ್ಲ. ನನ್ನನ್ನೇ ನೋಡ್ತಾ ಅವನಿಗೆ ಹೇಳಿದಳು.

"ಅವರು ನನ್ನ ಗಂಡ. ಅವರಿಗೆ ಏನೂ ಗೊತ್ತಿಲ್ಲ. ನಾನು ಇವರ ಜೊತೆ ಓಡಾಡ್ತಿದ್ದೀನಿ ಅನ್ನೋ ಅನುಮಾನಕ್ಕೆ ಬಂದಿದಾರೆ. ಅಷ್ಟೇ."



ವಸಂತ್ ನಕ್ಕ. ನನ್ನ ಕಿವಿಯ ಪಕ್ಕದಲ್ಲೇ ಗಹಗಹಿಸಿ ನಕ್ಕ. ನಗುವಾಗ ಕೈ ಸಡಿಲವಾಯ್ತು. ಮೊಣಕೈಯಿಂದ ಅವನ ಪಕ್ಕೆಗೆ ಗುದ್ದಿದೆ. ಮಚ್ಚು ನನ್ನ ಭುಜ ಸೀಳಿಕೊಂಡು ಕೆಳಗೆ ಬಿತ್ತು. ಸುದರ್ಶನ ಅದನ್ನ ಮೂಲೆಗೆ ಒದ್ದ. ವಸಂತ್ ಲ್ಯಾಪ್‌ಟಾಪ್ ಬಾಚಿಕೊಂಡು ನಾನು ಮುರಿದ ಬಾಗಿಲಿನಿಂದಲೇ ಹೊರಗೆ ಓಡಿದ. ಹಿತ್ತಲಿನಲ್ಲಿ ಅವನ ಜೀಪಿತ್ತು.

"ಲ್ಯಾಪ್‌ಟಾಪ್ ಬುಡಬೇಡಿ ಕಣ್ರೀ," ಅಂದಳು ಮಂಜುಶ್ರೀ. "ಅದರಲ್ಲಿ ನಾವಿದ್ದೀವಿ. ರಿಸಾರ್ಟಿನ ರೂಮಲ್ಲಿ ಕ್ಯಾಮೆರಾ ಇತ್ತು."

ಟವೆಲ್ಲು, ತಲೆನೋವು, ಫೋನು... ಎಲ್ಲಾ ಒಟ್ಟಿಗೆ ಬಂದು ಎದೆಗೆ ಹೊಡೆಯಿತು.

ಬೈಕ್ ಹತ್ತಿದೆ.

ಜೀಪು ಲೇಔಟಿನ ಮಣ್ಣು ರಸ್ತೆಯಲ್ಲಿ ಧೂಳೆಬ್ಬಿಸಿಕೊಂಡು ಓಡಿತು. ಮುಖ್ಯರಸ್ತೆಗೆ ಸೇರೋ ತಿರುವಿನಲ್ಲಿ ಒಂದು ಕಾರು ಅಡ್ಡ ಬಂತು, ಮಫ್ತಿ ಪೊಲೀಸರದು ಅಂತ ಆಮೇಲೆ ಗೊತ್ತಾಯ್ತು. ವಸಂತ್ ಸ್ಟೇರಿಂಗ್ ತಿರುಗಿಸಿ ಮತ್ತೆ ಒಳಗೇ ನುಗ್ಗಿದ. ಭುಜದ ರಕ್ತ ನನ್ನ ಮೊಣಕೈವರೆಗೆ ಇಳಿದಿತ್ತು. ಆಕ್ಸಿಲರೇಟರ್ ಜಾರ್ತಿತ್ತು. ಆ ಲೇಔಟಿನ ರಸ್ತೆಗಳು ಎಲ್ಲಿಗೂ ಹೋಗಲ್ಲ ಸಾರ್, ರಾಗಿ ಹೊಲದ ಅಂಚಿಗೆ ಬಂದು ನಿಂತುಬಿಡ್ತವೆ. ಜೀಪು ಕಾಲುವೆಗೆ ಮೂತಿ ಇಟ್ಟಿತು.

ಅವನು ಇಳಿದ. ಸೈಟಿನ ಗಡಿಗೆ ನೆಟ್ಟಿದ್ದ ಕಲ್ಲಿನ ಮುಂದೆ ನಿಂತು ಲ್ಯಾಪ್‌ಟಾಪನ್ನ ಎರಡೂ ಕೈಯಲ್ಲಿ ಮೇಲೆತ್ತಿದ. ಒಡೆದರೆ ಸಾಕ್ಷಿ ಹೋಯ್ತು.

ನಾನು ಬ್ರೇಕ್ ಹಿಡಿಯಲಿಲ್ಲ.

ಅವನ ಎರಡು ಪಕ್ಕೆಲುಬು ಮುರಿಯಿತು. ನನ್ನ ಕಾಲು ಬೈಕಿನ ಕೆಳಗೆ ಸಿಕ್ಕಿ ಪುಡಿಯಾಯ್ತು. ಲ್ಯಾಪ್‌ಟಾಪ್ ರಾಗಿ ಪೈರಿನ ಮೇಲೆ ಮೆತ್ತಗೆ ಬಿದ್ದಿತ್ತು.

ಉಳಿದದ್ದು ಆಸ್ಪತ್ರೆಯಲ್ಲಿ ಗೊತ್ತಾಯ್ತು. ಸುದರ್ಶನನ ತಂಗಿ ಅಪೂರ್ವ ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಅದೇ ರಿಸಾರ್ಟಿಗೆ ಹೋಗಿದ್ದಳು. ಆಮೇಲೆ ವಸಂತ್ ಅವರಿಬ್ಬರ ವಿಡಿಯೋ ತೋರಿಸಿ ದುಡ್ಡು ಹಿಂಡೋಕೆ ಶುರು ಮಾಡಿದ್ದ. ದೂರು ಕೊಡೋ ಧೈರ್ಯ ಅವಳಿಗಿರಲಿಲ್ಲ. ಅದಕ್ಕೇ ಅಣ್ಣ ಒಬ್ಬನೇ ಕ್ಯಾಮೆರಾ ಹುಡುಕಿಕೊಂಡು ಹೋಗಿದ್ದ. ಮಂಜುಶ್ರೀಗೆ ಗುಟ್ಟಾಗಿ ಎಚ್ಚರಿಸಿದ್ದ. ಗೀಸರ್ ಸ್ವಿಚ್ಚಿನ ತೂತಿನಲ್ಲಿ ಅವಳು ಕ್ಯಾಮೆರಾ ಕಂಡುಹಿಡಿದಾಗ ನಮ್ಮ ಮೊದಲ ದಿನದ ವಿಡಿಯೋ ಆಗಲೇ ವಸಂತ್ ಕೈ ಸೇರಿತ್ತು. ಅವಳಿಗೂ ಫೋನ್ ಬಂತು. ಅವಳು ಹೆದರಲಿಲ್ಲ. ತನ್ನ ಹೆಸರಿನಲ್ಲೇ ದೂರು ಕೊಟ್ಟು, ಪೊಲೀಸರು ಹೇಳಿದಂತೆ, ದುಡ್ಡು ತಗೊಂಡು ಬಾ ಅಂತ ವಸಂತ್ ಕರೆದಿದ್ದ ಆ ಮನೆಗೆ ಹೋಗಿದ್ದಳು. ವಸಂತ್ ವಿಡಿಯೋ ತೆರೆದು ತೋರಿಸಿದ ಕೂಡಲೇ ಸುದರ್ಶನ, ತಿರುವಿನಲ್ಲಿ ಕಾಯ್ತಿದ್ದ ಪೊಲೀಸರಿಗೆ ಮಿಸ್ಡ್ ಕಾಲ್ ಕೊಡಬೇಕಿತ್ತು.

ಅಷ್ಟರಲ್ಲಿ ನಾನು ಬಾಗಿಲು ಒದ್ದಿದ್ದೆ.

ಲ್ಯಾಪ್‌ಟಾಪಿನಲ್ಲಿ ಎಷ್ಟೋ ಹೆಣ್ಣುಮಕ್ಕಳಿದ್ದರಂತೆ. ರಿಸಾರ್ಟಿಗೆ ಬೀಗ ಬಿತ್ತು. ವಸಂತ್ ಜೈಲಿನಲ್ಲಿದ್ದಾನೆ. ಅಪೂರ್ವ ಬಂದು ನನ್ನ ಕೈ ಹಿಡಿದುಕೊಂಡು ಅತ್ತಳು. ಸುದರ್ಶನ ಬಾಗಿಲ ಹತ್ತಿರ ನಿಂತಿದ್ದ. ಆವತ್ತೂ ಇಸ್ತ್ರಿ ಮಾಡಿದ ಜುಬ್ಬವೇ.

ಅವರು ಹೋದ ಮೇಲೆ, ನನಗೆ ಯಾಕೆ ಹೇಳಲಿಲ್ಲ ಅಂತ ಮಂಜುಶ್ರೀಯನ್ನ ಕೇಳಿದೆ. ಅವಳು ಫ್ಲಾಸ್ಕಿನಿಂದ ಕಾಫಿ ಬಗ್ಗಿಸ್ತಿದ್ದಳು.

"ಹೇಳಿದ್ರೆ ಅಲ್ಲೇ ಅವನ ಹಲ್ಲು ಉದುರಿಸ್ತಿದ್ರಿ. ಸಾಕ್ಷಿ ಸಮುದ್ರ ಸೇರ್ತಿತ್ತು." ಲೋಟ ಕೈಗಿಟ್ಟಳು. "ನೀವು ಯಾಕೆ ಕೇಳಲಿಲ್ಲ?"

ಕಾಫಿ ಕುಡಿದೆ.

ಸ್ವಲ್ಪ ದಿನ ನಂಜನಗೂಡಿನಲ್ಲಿ ಅವ್ವನ ಮನೇಲಿ ಇರ್ತೀನಿ ಅಂದಳು. ಎಷ್ಟು ದಿನ ಅಂತ ಹೇಳಲಿಲ್ಲ. ನನ್ನ ತಂಗಿ ಬಂದು ನೋಡಿಕೊಳ್ತಾಳಂತೆ. ದಿಂಬು ಸರಿಮಾಡಿದಳು, ಹೊದಿಕೆ ಎಳೆದಳು, ಬ್ಯಾಗು ಹೆಗಲಿಗೇರಿಸಿದಳು.

"ಬಸ್ ಸ್ಟ್ಯಾಂಡಿನವರೆಗೆ ಸುದರ್ಶನ ಅವರು ಬಿಡ್ತಾರೆ. ಹಿಂದೆ ಬರೋ ಕಷ್ಟ ಬೇಡ ಅಂತ ಮೊದಲೇ ಹೇಳ್ತಿದ್ದೀನಿ."

ಸರಿ ಅಂದೆ. ನಂಬಿಕೆ ಇದೆ ಅಂತಲೂ ಅಂದೆ.

ಕಾಲಿಗೆ ಪ್ಲಾಸ್ಟರ್ ಇಲ್ಲದಿದ್ದರೆ ಹೋಗೇ ಹೋಗ್ತಿದ್ದೆ ಸಾರ್.