ಠಾಕುರ್ಲಿಯಲ್ಲಿ ನಿಲ್ಲದ ಗಾಡಿ

ಕೋಣೆಯ ಕೀಲಿಕೈ ಕೊಡಲು ಚಾಚಿದ ಕೈ ಅರ್ಧದಲ್ಲೇ ನಿಂತಿತು.

ದಮಯಂತಿ ತಲೆಯೆತ್ತಿದಳು. ಕೂದಲು ನರೆತಿತ್ತು, ಕೆನ್ನೆ ಇಳಿದಿತ್ತು. ಆದರೆ ಎದುರಿನವರ ಮಾತು ಮುಗಿಯುವವರೆಗೂ ಅಲುಗದೆ ಕೇಳುವ ಆ ಕಣ್ಣುಗಳು... ಅವನ್ನು ಅವಳು ಎಲ್ಲಿ ಕಂಡರೂ ಗುರುತಿಸುತ್ತಿದ್ದಳು.

ಲೀಲಾಧರ!

"ಬರ್ಲಿಕ್ಕೆ ಕಷ್ಟ ಆಗ್ಲಿಲ್ಲ ಅಲ್ವಾ ನಿಮಗೆ?" ಎಂದ ಅವನು, ಬರುವ ಎಲ್ಲ ಅತಿಥಿಗಳನ್ನೂ ಕೇಳುವಂತೆ. ದನಿ ಮಾತ್ರ ಕೊನೆಯಲ್ಲಿ ಕುಸಿಯಿತು.

"ಮಮ್ಮಿ, ಚಾವಿ ಲೇ ಲೋ ನಾ," ಎಂದು ಮಗಳು ಪ್ರೇಕ್ಷಾ ಮೊಣಕೈಯಿಂದ ತಿವಿದಳು.

ದಮಯಂತಿ ಕೀಲಿಕೈ ತೆಗೆದುಕೊಂಡಳು. ಅವನ ಬೆರಳು ತಾಗದಂತೆ.

ಪ್ರೇಕ್ಷಾಳ ಮದುವೆ ಹತ್ತಿರ ಬಂದಿತ್ತು. ಆಮೇಲೆ ಅವಳು ಕಾಮೋಠೆಯ ಗಂಡನ ಮನೆಗೆ ಹೋಗುವವಳು. ಅದಕ್ಕೂ ಮೊದಲು ಅಮ್ಮನೊಂದಿಗೆ ಎರಡು ದಿನ ಕಡಲ ಹತ್ತಿರ ಇರಬೇಕೆಂದು ಫೋನಿನಲ್ಲಿ ಹುಡುಕಿ, ಉರಣದಾಚೆಯ ಈ ಪುಟ್ಟ ವಸತಿಗೃಹವನ್ನು ಬುಕ್ ಮಾಡಿದ್ದಳು. ಮುಂಬಯಿ ಪಕ್ಕದ ಠಾಣೆಯ ಮನೆಯಿಂದ ಲೋಕಲ್ ರೈಲಿನಲ್ಲಿ ನೆರೂಳು, ಅಲ್ಲಿಂದ ಹೊಸ ಉರಣ ಗಾಡಿ, ಆಮೇಲೆ ರಿಕ್ಷಾ. ಆ ದಾರಿಯ ಕೊನೆಯಲ್ಲಿ ಯಾರಿರುತ್ತಾರೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ದಮಯಂತಿಯ ಗಂಡ ಮುರಾರಿ ಒಳ್ಳೆಯ ಮನುಷ್ಯನಾಗಿದ್ದ. ಆರು ವರ್ಷದ ಹಿಂದೆ ಹೃದಯಾಘಾತದಲ್ಲಿ ತೀರಿಕೊಂಡಿದ್ದ. ಅವನೊಂದಿಗಿನ ಬದುಕಿನ ಬಗ್ಗೆ ಅವಳಿಗೆ ದೂರಿರಲಿಲ್ಲ. ಆದರೆ ಅದಕ್ಕೂ ಮೊದಲಿನ ಒಂದು ಭಾನುವಾರ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು.

ಆಗ ಅವಳು ಉಡುಪಿಯಿಂದ ಠಾಣೆಗೆ, ಅಣ್ಣ ಕಿಟ್ಟಣ್ಣನ ಮನೆಗೆ ಹೊಸದಾಗಿ ಬಂದಿದ್ದಳು. ಲೀಲಾಧರ ಕಲ್ಯಾಣದಲ್ಲಿ ಸೋದರಮಾವನ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ. ಊರಿನವರ ಸಂಘದ ಪೂಜೆಯೊಂದರಲ್ಲಿ ಇಬ್ಬರಿಗೂ ಪರಿಚಯವಾಗಿ, ಪರಿಚಯ ಪ್ರೀತಿಯಾಗಿತ್ತು. ಅಷ್ಟರಲ್ಲಿ ಕಿಟ್ಟಣ್ಣ ಮುರಾರಿಯ ಸಂಬಂಧ ತಂದ.

"ಕಲ್ಯಾಣಕ್ಕಿಂತ ಮೊದಲಿನ ಠಾಕುರ್ಲಿ ಸ್ಟೇಷನ್ನಿಗೆ ಬಾ, ಅಲ್ಲಿ ನಮ್ಮವರು ಯಾರೂ ಇಲ್ಲ," ಎಂದಿದ್ದ ಲೀಲಾಧರ. "ನೀನು ಬಂದರೆ ಅದೇ ಒಪ್ಪಿಗೆ. ನಾನೇ ಬಂದು ನಿನ್ನ ಅಣ್ಣನ ಹತ್ತಿರ ಮಾತಾಡ್ತೇನೆ. ಬಾರದಿದ್ದರೆ ನಿನ್ನ ದಾರಿಗೆ ನಾನು ಅಡ್ಡ ಬರುವುದಿಲ್ಲ."

ಅವಳು ಹೋಗಿದ್ದಳು. ಸ್ವಲ್ಪ ತಡವಾಗಿತ್ತು, ಅಷ್ಟೇ. ಅವಳು ತಲುಪುವಾಗ ಅವನಿರಲಿಲ್ಲ. ಕತ್ತಲಾಗುವವರೆಗೆ ಬೆಂಚಿನ ಮೇಲೆ ಕೂತು ಕಾದಳು. ಮರುದಿನ ಅವನು ಸೂರತ್‌ಗೆ ಹೋದನೆಂದು ಯಾರೋ ಹೇಳಿದರು.

*ಅರ್ಧ ಗಂಟೆ... ಅಷ್ಟೂ ಬೆಲೆಯಿರಲಿಲ್ಲವೇ ನನಗೆ?*

ಆ ಪ್ರಶ್ನೆಯನ್ನು ಇಪ್ಪತ್ತಾರು ವರ್ಷ ಯಾರನ್ನೂ ಕೇಳದೆ ಬದುಕಿದ್ದಳು.

ಆ ಎರಡು ದಿನ ಅವಳು ಬೇಡವೆಂದರೂ ಅವನನ್ನು ಗಮನಿಸಿದಳು. ಒಂದು ಮಂಡಿ ಸೋತಿತ್ತು; ಮೆಟ್ಟಿಲನ್ನು ಕಂಬಿ ಹಿಡಿದು ಒಂದೊಂದಾಗಿ ಹತ್ತುತ್ತಿದ್ದ. ಕಡಲಿಂದ ಬರುವವರ ಕಾಲಿನ ಮರಳು ತೊಳೆಯಲು ಬಾಗಿಲಲ್ಲಿ ಬಕೆಟ್ಟು ನೀರು, ಒಣಗಿದ ಟವೆಲ್ಲು. ಅಡುಗೆಯ ಚಂದ್ರಬಾಯಿಗೆ ಒಲೆಯ ಪಕ್ಕದಲ್ಲೇ ಒಂದು ಎತ್ತರದ ಸ್ಟೂಲು. ಗೇಟಿನ ಹೊರಗೆ, ರಿಕ್ಷಾಕ್ಕೆ ಕಾಯುವವರಿಗೆಂದು ನೆರಳು ಕಟ್ಟಿದ ಒಂದು ಬೆಂಚು.

ಚಂದ್ರಬಾಯಿ ಪ್ರೇಕ್ಷಾಳಿಗೆ ಮರಾಠಿಯಲ್ಲಿ ಎಲ್ಲ ಹೇಳಿದ್ದಳು. ಲೀಲಾಧರ ಶೇಟ್ ಮದುವೆಯಾಗಲೇ ಇಲ್ಲವಂತೆ. ಊರಿಗೆಲ್ಲ ಬೆಂಚು ಹಾಕಿಸುವ ಮನುಷ್ಯ, ತನ್ನ ಪಕ್ಕದಲ್ಲಿ ಕೂರಲು ಒಬ್ಬರನ್ನೂ ಮಾಡಿಕೊಳ್ಳಲಿಲ್ಲವಲ್ಲ ಎಂದು ನಕ್ಕಿದ್ದಳಂತೆ. ಪ್ರೇಕ್ಷಾ ಅದನ್ನು ತಮಾಷೆಯಾಗಿ ಅಮ್ಮನಿಗೆ ಹೇಳಿದಳು. ದಮಯಂತಿಗೆ ನಗು ಬರಲಿಲ್ಲ.

ಎರಡನೆಯ ಸಂಜೆ ಮಗಳು ನೀರಿನಂಚಿಗೆ ಫೋಟೋ ತೆಗೆಯಲು ಹೋಗಿದ್ದಳು. ದಮಯಂತಿ ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದಳು. ಟವೆಲ್ಲು ಕೊಟ್ಟು ಹೊರಟ ಲೀಲಾಧರನನ್ನು ಅವಳ ಮಾತು ನಿಲ್ಲಿಸಿತು.

"ಅವತ್ತು ಅರ್ಧ ಗಂಟೆ ಕಾಯ್ಲಿಕ್ಕಾಗ್ಲಿಲ್ಲ ಅಲ್ವಾ ನಿಮಗೆ?"

ಅವನು ತಿರುಗಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು.

"ಕಾಯುವುದಾ? ನಾನು ನಿಮ್ಮನ್ನು ನೋಡಿದೆ. ಕಲ್ಯಾಣ ಫಾಸ್ಟ್ ಗಾಡಿಯ ಬಾಗಿಲಲ್ಲಿ ನಿಂತಿದ್ರಿ. ಹಸಿರು ಸೀರೆ. ಗಾಡಿ ನನ್ನ ಎದುರಿಂದಲೇ ಹೋಯ್ತು... ಇಳಿಯದೆ ಹೋಗುವುದೇ ನಿಮ್ಮ ಉತ್ತರ ಅಂತ ತಿಳ್ಕೊಂಡೆ."

ದಮಯಂತಿಯ ಕೈಯಿಂದ ಟವೆಲ್ಲು ಜಾರಿತು.

"ಅದು ಠಾಕುರ್ಲಿಯಲ್ಲಿ ನಿಲ್ಲುವುದಿಲ್ಲ ಅಂತ ನನಗೆ ಗೊತ್ತಿರಲಿಲ್ಲ," ಎಂದಳು ಮೆಲ್ಲಗೆ. "ಊರಿಂದ ಬಂದು ಎರಡು ತಿಂಗಳಾಗಿತ್ತಷ್ಟೆ. ಸ್ಲೋ ಯಾವುದು, ಫಾಸ್ಟ್ ಯಾವುದು, ನನಗೆಂತ ಗೊತ್ತು? ಬಾಗಿಲಲ್ಲಿದ್ದರೂ ಆ ನೂಕುನುಗ್ಗಲಿನಲ್ಲಿ ಹೊರಗಿನದ್ದೊಂದೂ ಕಾಣಲಿಲ್ಲ. ಕಲ್ಯಾಣದಲ್ಲಿ ಇಳಿದು, ಅಳುತ್ತಾ ಅವರಿವರನ್ನು ಕೇಳಿ, ವಾಪಸ್ ಗಾಡಿ ಹಿಡಿದು ಬಂದೆ. ನೀವಿರಲಿಲ್ಲ."



"ಕಲ್ಯಾಣದ ಗಾಡಿ ಹಿಡಿ ಅಂದವನು ನಾನೇ," ಎಂದ ಲೀಲಾಧರ. "ಸ್ಲೋ ಹಿಡಿ ಅಂತ ಹೇಳಲಿಲ್ಲ. ಎಲ್ಲರಿಗೂ ಗೊತ್ತಿರ್ತದೆ ಅಂತ..."

ಬಗ್ಗಿ ಟವೆಲ್ಲು ಎತ್ತಿದ. ಬಗ್ಗಿದವನು ಕಣ್ಣೊರೆಸಿಕೊಂಡದ್ದನ್ನು ಅವಳು ಕಂಡೂ ಕಾಣದಂತಿದ್ದಳು.

ಮರುದಿನ ರಿಕ್ಷಾ ಬರುವವರೆಗೆ ದಮಯಂತಿ ಗೇಟಿನ ಬೆಂಚಿನಲ್ಲಿ ಕೂತಿದ್ದಾಗ ಅವನು ಬಂದು ಸ್ವಲ್ಪ ದೂರದಲ್ಲಿ ನಿಂತ.

"ಬರುವ ಆದಿತ್ಯವಾರ ಮಧ್ಯಾಹ್ನ ಹನ್ನೆರಡಕ್ಕೆ ನಾನು ಠಾಕುರ್ಲಿಯಲ್ಲಿರ್ತೇನೆ. ಅವತ್ತು ನಾನು ಕೂತಿದ್ದ ಬೆಂಚಿನಲ್ಲೇ. ನೀವು ಬರಲೇಬೇಕು ಅಂತಿಲ್ಲ."

ರಿಕ್ಷಾ ಬಂತು, ಅವಳು ಹತ್ತಿದಳು. ಆ ವಾರವೆಲ್ಲ ಅದೇ ಯೋಚನೆ. ಮಗಳ ಮದುವೆಯ ಹೊತ್ತಿನಲ್ಲಿ ಇದೆಂಥ ಹುಚ್ಚು? ಜನ ಏನನ್ನಬಹುದು? ಕೊನೆಗೆ ಮಗಳಿಗೆ ಎಲ್ಲ ಹೇಳಿಬಿಟ್ಟಳು. ಶನಿವಾರ ಪ್ರೇಕ್ಷಾ ಅಮ್ಮನ ಹಸಿರು ಸೀರೆಗೆ ಇಸ್ತ್ರಿ ಹಾಕಿ ಕುರ್ಚಿಯ ಮೇಲಿಟ್ಟಳು.

"ಜಾ ಮಮ್ಮಿ, ಹೋಗಿ ಬಾ," ಎಂದಳು. "ನನ್ ಚಿಂತೆ ನೀ ಮಾಡ್ಬೇಡ. ನಿಂದೇ ಚಿಂತೆ ನನಗೆ ಇರ್ತದೆ ಅಲ್ಲ, ಕಾಮೋಠೆಗೆ ಹೋದ್ಮೇಲೆ."

ಭಾನುವಾರ ದಮಯಂತಿ ಠಾಣೆಯಲ್ಲಿ ಎರಡೆರಡು ಸಲ ನೋಡಿಕೊಂಡು ಸ್ಲೋ ಗಾಡಿಯನ್ನೇ ಹತ್ತಿದಳು. ಡೊಂಬಿವ್ಲಿ ದಾಟುತ್ತಲೇ ಬಾಗಿಲಿಗೆ ಬಂದು ನಿಂತಳು. ಗಾಡಿ ವೇಗ ಕಡಿಮೆ ಮಾಡಲಿಲ್ಲ.

"ಆಜ್ ಮೆಗಾಬ್ಲಾಕ್ ಹೈ ನಾ ಆಂಟಿ," ಎಂದಳು ಪಕ್ಕದ ಹುಡುಗಿ. "ಠಾಕುರ್ಲಿ ನಹೀ ರುಕೇಗಿ."

ಹಳಿ ರಿಪೇರಿಯ ದಿನ ಸ್ಲೋ ಗಾಡಿಗಳನ್ನೂ ಫಾಸ್ಟ್ ಹಳಿಗೆ ತಿರುಗಿಸುತ್ತಾರೆ. ಇಷ್ಟು ವರ್ಷ ಇಲ್ಲಿ ಬಾಳಿದವಳು, ಇವತ್ತಿನ ತಳಮಳದಲ್ಲಿ ಅದನ್ನೇ ಮರೆತಿದ್ದಳು!

ಠಾಕುರ್ಲಿ ಬಂತು. ಬೆಂಚು ಕಂಡಿತು. ಬೆಂಚಿನಲ್ಲಿ ಬಿಳಿ ಶರ್ಟಿನ ಲೀಲಾಧರ. ಗಾಡಿ ನೋಡಿ ಅವನು ಎದ್ದು ನಿಂತ. ಅಷ್ಟೇ. ಗಾಡಿ ಮುಂದೆ ಹೋಗಿಬಿಟ್ಟಿತ್ತು.

*ಎದ್ದದ್ದು ಯಾಕೆ? ನನ್ನನ್ನು ನೋಡಿದ್ದಕ್ಕೋ? ಅಥವಾ ಹೊರಡಲಿಕ್ಕೋ...*

ವಾಪಸ್ ಗಾಡಿಯೂ ಅಲ್ಲಿ ನಿಲ್ಲದು; ಕಲ್ಯಾಣದಲ್ಲಿ ಇಳಿದು ರಿಕ್ಷಾ ಹಿಡಿದಳು. ದಾರಿಯಲ್ಲೆಲ್ಲ ಭಾನುವಾರದ ಟ್ರಾಫಿಕ್ಕು. ಚೀಲದಲ್ಲಿ ಫೋನಿತ್ತು, ಮಗಳನ್ನು ಕೇಳಿದರೆ ಅವನ ನಂಬರೂ ಸಿಗುತ್ತಿತ್ತು. ಅವಳು ಕೇಳಲಿಲ್ಲ. ಅವಳಿಗೆ ತಿಳಿಯಬೇಕಿದ್ದದ್ದು ಫೋನಿನಲ್ಲಿ ಕೇಳಿ ತಿಳಿಯುವಂಥದ್ದಲ್ಲ.

ಠಾಕುರ್ಲಿಯ ಪ್ಲಾಟ್‌ಫಾರಂ ಬಿಕೋ ಎನ್ನುತ್ತಿತ್ತು. ಇಲ್ಲಿ ಗಾಡಿ ನಿಲ್ಲುವುದಿಲ್ಲವೆಂದು ಸ್ಪೀಕರು ಹೇಳುತ್ತಲೇ ಇತ್ತು.

ಬೆಂಚು ಖಾಲಿಯಾಗಿತ್ತು.

ಹಾಗಾದರೆ ಉತ್ತರ ಇದೇ. ಕೂರಲೆಂದು ಹತ್ತಿರ ಹೋದಾಗ ಬೆಂಚಿನ ಮೇಲೆ ಒಂದು ಕರವಸ್ತ್ರ ಹಾಸಿದ್ದು ಕಂಡಿತು. ಹಾರದಂತೆ ಅದರ ಮೇಲೆ ನೀರಿನ ಬಾಟಲಿ. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಯಾರಿಗೋ ಕಾಯ್ದಿರಿಸಿದ ಜಾಗ.

ಅದೇ ಹೊತ್ತಿಗೆ ಸೇತುವೆಯ ಮೆಟ್ಟಿಲಿನಲ್ಲಿ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಯುತ್ತಾ ಅವನು ಬಂದ. ಶರ್ಟು ಬೆವರಿನಿಂದ ಮೈಗಂಟಿತ್ತು.

"ಬ್ಲಾಕ್ ಉಂಟು ಅಂತ ನನಗೂ ನೆನಪಾಗ್ಲಿಲ್ಲ," ಎಂದ ಏದುಸಿರು ಬಿಡುತ್ತಾ. "ನಿನ್ನನ್ನು ಬಾಗಿಲಲ್ಲಿ ನೋಡಿದೆ. ರಿಕ್ಷಾದಲ್ಲಿ ವಾಪಸ್ ಬರ್ತಿ ಅಂತ ಗೊತ್ತಾಯ್ತು. ಆದರೆ ಸ್ಟೇಷನ್ನಿನ ಈಸ್ಟಿಗೆ ಬರ್ತಿಯಾ, ವೆಸ್ಟಿಗೆ ಬರ್ತಿಯಾ ಗೊತ್ತಾಗ್ಲಿಲ್ಲ. ಎರಡೂ ಕಡೆ ಹೋಗಿ ನೋಡ್ತಿದ್ದೆ."

'ನಿನ್ನನ್ನು' ಎಂದಿದ್ದ. ಅವನಿಗೇ ಅರಿವಿರಲಿಲ್ಲ.

"ಈ ಮಂಡಿ ಇಟ್ಕೊಂಡು? ಎಷ್ಟು ಸಲ ಹತ್ತಿ ಇಳಿದ್ರಿ?"

"ಲೆಕ್ಕ ಇಡ್ಲಿಲ್ಲ."

ದಮಯಂತಿ ಕರವಸ್ತ್ರದ ಮೇಲೆ ಕೂತಳು. ಬಾಟಲಿಯ ಮುಚ್ಚಳ ತೆಗೆದು ಮೊದಲು ಅವನಿಗೇ ಕೊಟ್ಟಳು. ಅವನು ಕುಡಿದು, ಅವಳ ಪಕ್ಕದಲ್ಲಿ ಮೆಲ್ಲಗೆ ಕೂತ. ಎದುರಿನ ಹಳಿಯಲ್ಲಿ ಇನ್ನೊಂದು ಗಾಡಿ ನಿಲ್ಲದೆ ಓಡಿತು. ಇಬ್ಬರೂ ಅದನ್ನು ನೋಡಲಿಲ್ಲ.

"ನನ್ನ ಉತ್ತರ ಬಾಯಿಬಿಟ್ಟು ಹೇಳ್ಬೇಕಾ?" ಕೇಳಿದಳು ಅವಳು.

"ಬೇಡ," ಎಂದ ಲೀಲಾಧರ. "ಬಂದರೆ ಅದೇ ಒಪ್ಪಿಗೆ ಅಂತ ಅವತ್ತೇ ಹೇಳಿದ್ದೆ ಅಲ್ವಾ ನಾನು. ಬಂದೆಯಲ್ಲ."