ರೇಣವ್ವನ ಕ್ಯಾನು

ವಿದ್ಯಾಗಿರಿಯ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಮೂತ್ರ ಪರೀಕ್ಷೆ ಮಾಡುತ್ತೇನೆ. ಸಂಜೆ ಕ್ಲಾಸಿನಲ್ಲಿ ಕಲಿತವಳು. ನನ್ನ ಮೇಲೆ ನನಗೇ ನಂಬಿಕೆ ಕಡಿಮೆ. ಅದಕ್ಕೆ ಎಲ್ಲವನ್ನೂ ಎರಡು ಸಲ ನೋಡುತ್ತೇನೆ.

ಗುಳೇದಗುಡ್ಡದ ಸೋಮಲಿಂಗ ಅವರು ತಾಯಿ ರೇಣವ್ವನ ಇಡೀ ಒಂದು ದಿನದ ಮೂತ್ರವನ್ನು ಕ್ಯಾನಿನಲ್ಲಿ ಹಿಡಿದು ತಂದಿದ್ದರು. ಆಕೆಗೆ ವಿಪರೀತ ಎಲುಬು ನೋವು. ಮೂತ್ರದಲ್ಲಿ ಕೆಟ್ಟ ಪ್ರೋಟೀನು ಇದೆಯೋ ಇಲ್ಲವೋ ತಿಳಿದ ಮೇಲೆಯೇ ಡಾಕ್ಟರು ಔಷಧಿ ಶುರುಮಾಡುವವರಿದ್ದರು.

ಕ್ಯಾನು ಮುಟ್ಟಿದರೆ ಬೆಚ್ಚಗಿತ್ತು. ತಂಪಾಗಿಡದಿದ್ದರೆ ಮೂತ್ರ ಕೆಟ್ಟು ಪರೀಕ್ಷೆ ತಪ್ಪುತ್ತದೆ.

"ನೀವು ಇದನ್ನ ತಂಪಿನ್ಯಾಗ ಇಟ್ಟೇ ಇಲ್ರಿ," ಎಂದೆ.

"ಖರೆ ಹೇಳ್ತೇನ್ರಿ ಅಕ್ಕಾರ, ಹಾಲಿನ ಪಾತೇಲಿ ಹೊರಗ ತಗದು ಇದನ್ನ ಫ್ರಿಜ್ಜಿನ್ಯಾಗ ಇಟ್ಟಿದ್ದೆ. ಮನ್ಯಾಕಿ ಇನ್ನೂ ನನ್ನ ಜೋಡಿ ಮಾತಾಡವಲ್ಲಳು."

ನಾನು ನಂಬಲಿಲ್ಲ. ಇನ್ನೊಂದು ದಿನ ಹಿಡಿದು ತರಲು ಹೊಸ ಕ್ಯಾನು ಕೊಟ್ಟು ಕಳಿಸಿದೆ. ಹಳೆಯದನ್ನು ಚೆಲ್ಲಲು ಮನಸ್ಸಾಗದೆ ನಮ್ಮ ಫ್ರಿಜ್ಜಿನಲ್ಲಿಟ್ಟೆ.

ಮರುದಿನ ಬೆಳಿಗ್ಗೆ ಅಕ್ಕಪಕ್ಕದ ಬಾಟಲಿಗಳು ಕೊರೆಯುತ್ತಿದ್ದವು. ಕ್ಯಾನು ಮಾತ್ರ ಬೆಚ್ಚಗಿತ್ತು. ಥರ್ಮಾಮೀಟರು ಅದ್ದಿದೆ, ಮೂವತ್ತೇಳು ಡಿಗ್ರಿ, ಮನುಷ್ಯರ ಮೈಯ ಬಿಸಿಯಷ್ಟೇ. ಇನ್ನೊಂದನ್ನು ಅದ್ದಿದರೂ ಅಷ್ಟೇ. ಹೆದರುತ್ತಲೇ ಪರೀಕ್ಷೆ ಮಾಡಿದೆ. ಕಾಯಿಸಿದಾಗ ಬೆಳ್ಳಗೆ ಗಸಿ ಕಟ್ಟಿತು, ಕುದಿಸಿದಾಗ ಕರಗಿತು, ಆರಿದಂತೆ ಮತ್ತೆ ಮೂಡಿತು. ಆ ಕೆಟ್ಟ ಪ್ರೋಟೀನಿನ ಗುರುತೇ ಅದು.

ಆಗಲೇ ಫೋನು ಹಚ್ಚಿದೆ.

"ಅವ್ವ ರಾತ್ರಿ ಹೋದಳ್ರಿ," ಎಂದರು ಸೋಮಲಿಂಗ. "ಹೊಸಾ ಕ್ಯಾನು ಅರ್ಧಾ ತುಂಬಿತ್ತು. ತರಬೇಕೇನ್ರಿ?"

ಬೇಡವೆಂದೆ. ಒಂದು ದಿನ ತಡಮಾಡಿದವಳು ನಾನೇ ಎಂದು ಹೇಳದೆ ಫೋನು ಇಟ್ಟೆ.

ರೇಣವ್ವನನ್ನು ಮಣ್ಣು ಮಾಡಿ ಇವತ್ತಿಗೆ ಹನ್ನೊಂದು ದಿನ. ಇಂದು ಬೆಳಿಗ್ಗೆಯೂ ಫ್ರಿಜ್ಜು ತೆಗೆದು ಆ ಕ್ಯಾನಿಗೆ ಥರ್ಮಾಮೀಟರು ಅದ್ದಿ ನೋಡಿದೆ. ಮೂವತ್ತೇಳು.