ಮಾಗಡಿ ಕೆರೆಗೆ ಸುರಿದ ಮದ್ದು

ಆ ಸೋಮವಾರ ಬೆಳಿಗ್ಗೆ ಗದಗಿನ ಮೇಲೆ ಮಂಜು ದಟ್ಟವಾಗಿ ಇಳಿದಿತ್ತು. ಬೆಟಗೇರಿಯ ಮಗ್ಗಗಳ ಸದ್ದು ಕೇಳುತ್ತಿತ್ತೇ ಹೊರತು ಮನೆಗಳು ಕಾಣುತ್ತಿರಲಿಲ್ಲ. ಲಕ್ಷ್ಮೇಶ್ವರದ ಆಸ್ಪತ್ರೆಗೆ ಒಯ್ಯಬೇಕಾದ ಔಷಧದ ಪೆಟ್ಟಿಗೆಯನ್ನು ಬೈಕಿನ ಹಿಂದೆ ಬಿಗಿದ ಗವಿಸಿದ್ದೇಶ ಆ ಮಂಜಿಗೇ ಕೈಮುಗಿದ. ತನ್ನ ಕೆಲಸಕ್ಕೆ ದೇವರೇ ಪರದೆ ಎಳೆದುಕೊಟ್ಟಿದ್ದಾನೆ ಅನಿಸಿತು.

ಪೆಟ್ಟಿಗೆಯೊಳಗೆ, ಮಂಜುಗಡ್ಡೆಯ ನಡುವೆ, ಒಂದು ಪುಟ್ಟ ಗಾಜಿನ ಶೀಸೆ. ಅದರಲ್ಲಿ ನೀರಿನಂಥ ತಿಳಿ ಮದ್ದು. ಡಾಕ್ಟರು ಅದನ್ನು ಎಕ್ಸೋಸೋಮ್ ಎನ್ನುತ್ತಿದ್ದರು. ಸ್ಟೆಮ್ ಸೆಲ್ ಎಂಬ ತಾಯಿಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದಾಗ ಅವು ಕಣ್ಣಿಗೆ ಕಾಣದ ಪೊಟ್ಟಣಗಳನ್ನು ಹೊರಗೆ ಬಿಡುತ್ತವಂತೆ. ಸೋತು ಬಿದ್ದ ಮಾಂಸಕ್ಕೆ ಏಳು, ಮತ್ತೆ ಬೆಳೆ ಎಂದು ಹೇಳುವುದು ಆ ಪೊಟ್ಟಣಗಳ ಕೆಲಸ. ಇನ್ನೂ ಪರೀಕ್ಷೆಯಲ್ಲಿರುವ ಚಿಕಿತ್ಸೆ. ಆ ಆಸ್ಪತ್ರೆಗೆ ಸಿಕ್ಕಿದ್ದು ವಾರಕ್ಕೊಂದು ಶೀಸೆಯಂತೆ ಒಬ್ಬ ರೋಗಿಗೆ ಸಾಲುವಷ್ಟೇ.

ಆ ಒಬ್ಬರು ಅವನ ತಾಯಿ ಸಾವಕ್ಕ ಆಗಬೇಕಿತ್ತು. ಸಕ್ಕರೆ ಕಾಯಿಲೆಯಿಂದ ಅವಳ ಪಾದದಲ್ಲಿ ಬಿದ್ದ ಗಾಯ ಮಾಯುತ್ತಿರಲಿಲ್ಲ. ಪಾಳಿಯಲ್ಲಿ ಮೊದಲಿದ್ದವಳೂ ಅವಳೇ. ಆದರೆ ಆಸ್ಪತ್ರೆಗೆ ಜಾಗ ದಾನ ಕೊಟ್ಟ ಪುಂಡಲೀಕಪ್ಪನ ಕಾಲಿಗೂ ಅಂಥದೇ ಗಾಯವಾಗಿ, ಸಾವಕ್ಕನ ಪಾಳಿ ಹಿಂದೆ ಸರಿಯಿತು. ಮೊದಲ ಸಲ ಪೆಟ್ಟಿಗೆ ಒಯ್ದ ದಿನ ಆತ ಆಸ್ಪತ್ರೆಯ ಬಾಗಿಲಲ್ಲೇ ಸಿಕ್ಕು ನಕ್ಕಿದ್ದ.

"ಜೋಪಾನಲೇ ಗವಿಸಿದ್ದಾ. ನಿನಗಿಂತ ಪೆಟ್ಟಿಗಿಗೇ ಬೆಲಿ ಜಾಸ್ತಿ ಐತಿ."

ಆ ನಗು ಗವಿಸಿದ್ದೇಶನ ಎದೆಯೊಳಗೆ ಮುಳ್ಳಾಗಿ ಮುರಿದುಕೊಂಡಿತು.

ಮರುವಾರದಿಂದಲೇ ಕೆಲಸ ಶುರುವಾಯಿತು. ಮಾಗಡಿ ಕೆರೆಯ ದಂಡೆಯಲ್ಲಿ ಬೈಕ್ ನಿಲ್ಲಿಸುವುದು. ಹಕ್ಕಿ ನೋಡುವವನಂತೆ ಕೂರುವುದು. ಸೂಜಿಯಿಂದ ಶೀಸೆಯ ಮದ್ದನ್ನು ಎಳೆದು ಕೆರೆಗೆ ಚೆಲ್ಲಿ, ಅಷ್ಟೇ ಉಪ್ಪುನೀರನ್ನು ಒಳಗೆ ಬಿಡುವುದು. ಬಣ್ಣ ಅದೇ, ತೂಕ ಅದೇ. ವಿಷ ಹಾಕಿದರೆ ವಿಷ ಸಿಕ್ಕೀತು. ಇಲ್ಲಿ ಸಿಗುವಂಥದ್ದು ಏನೂ ಇಲ್ಲ. ಹೊಸ ಚಿಕಿತ್ಸೆ, ಕೆಲವರಿಗೆ ಹತ್ತುವುದಿಲ್ಲ ಎಂದು ಡಾಕ್ಟರೇ ಹೇಳಿಯಾರು. ಕಾಲು ಕೊಳೆಯುತ್ತದೆ, ಅಷ್ಟೇ. ಯಾರೂ ಏನೂ ಮಾಡಿರುವುದಿಲ್ಲ.

ಪ್ರತಿ ಸಲವೂ ಬಾಗಿಲಲ್ಲಿ ಪೆಟ್ಟಿಗೆ ಇಸಿದುಕೊಳ್ಳುವವಳು ನರ್ಸ್ ತಸ್ಲೀಮ.

"ಪೇಶಂಟ್ ಹೆಂಗದಾರ ತಂಗಿ?"

"ಏನ್ ಮಾಡಿದ್ರೂ ಗಾಯ ಮಾಯವಲ್ದು ಅಣ್ಣಾ. ಕರ್ರಗ ಆಗಾಕತ್ತೈತಿ. ನೀವು ಜಲ್ದಿ ತಂದ್ರೂ ಅಷ್ಟ, ಲೇಟ್ ತಂದ್ರೂ ಅಷ್ಟ."

ಅವನು ಪಾಪ ಎಂದು ತಲೆಯಾಡಿಸಿ ತಿರುಗುತ್ತಿದ್ದ. ತಾಯಿ ಇದ್ದದ್ದು ಶಿರಹಟ್ಟಿಯಲ್ಲಿ, ಅಕ್ಕ ಶೈಲಾಳ ಮನೆಯಲ್ಲಿ. ಮದ್ದು ತನ್ನ ಕೈಯಲ್ಲೇ ಹಾದುಹೋದರೂ ಅವಳಿಗೆ ಕೊಡಿಸಲಾರದ ನಾಚಿಕೆಗೆ ಆ ಕಡೆ ಮುಖ ಹಾಕಿರಲಿಲ್ಲ, ಫೋನಿನಲ್ಲೇ ಕೇಳುತ್ತಿದ್ದ.

"ಕಾಲು ಹೆಂಗೈತಿ ಅವ್ವಾ?"

"ದೇವರು ನೋಡ್ಕೊಳ್ಳಾಕತ್ತಾನಪ್ಪಾ. ನೀ ಹೊಟ್ಟಿ ತುಂಬ ಉಣ್ಣು."

ಈ ಸೋಮವಾರದ ಶೀಸೆಯೇ ಕೊನೆಯದು. ಕೆರೆಯ ಮೇಲೆ ಹಕ್ಕಿಗಳು ಮಂಜಿನೊಳಗೇ ಕೂಗುತ್ತಿದ್ದವು. ಮದ್ದು ನೀರಿಗೆ ಬಿದ್ದಾಗ ಸದ್ದೂ ಆಗಲಿಲ್ಲ. ಶಿವಾ, ನ್ಯಾಯ ನಿನ್ನದು ಎಂದುಕೊಂಡು ಬೈಕ್ ಏರಿದ.

ಆಸ್ಪತ್ರೆಯ ಬಾಗಿಲಲ್ಲಿ ತಸ್ಲೀಮ ಇರಲಿಲ್ಲ. ಒಳಗಿನಿಂದ ಕೂಗಿದಳು: "ಕೈ ಬಿಡುವಿಲ್ಲ ಅಣ್ಣಾ, ಇಲ್ಲೇ ತಂದುಕೊಡ್ರಿ."

ವೈರಿಯ ಕಾಲನ್ನು ಒಮ್ಮೆ ಕಣ್ಣಾರೆ ನೋಡಬಹುದು ಎಂಬ ಆಸೆಯಿಂದ ಅವನು ಒಳಗೆ ಹೋದ. ಪುಂಡಲೀಕಪ್ಪ ಕೋಣೆಯ ಹೊರಗೆ, ಕಾಲಿಗೆ ಬಟ್ಟೆ ಸುತ್ತಿಕೊಂಡು, ಕೋಲು ಊರಿ ನಿಂತಿದ್ದ. ಪರದೆಯಾಚೆ ಮಂಚದ ಮೇಲೆ ಸಾವಕ್ಕ. ಅವಳ ಪಾದ ಹಿಮ್ಮಡಿಯವರೆಗೂ ಕಪ್ಪಿಟ್ಟಿತ್ತು. ತಲೆದೆಸೆಯಲ್ಲಿ ಶೈಲಾ ಸೆರಗು ಬಾಯಿಗೊತ್ತಿ ಕೂತಿದ್ದಳು.

"ಎಲುಬಿಗೆ ಇಳಿದೈತಿ," ಡಾಕ್ಟರು ಪೆಟ್ಟಿಗೆಯತ್ತ ನೋಡಲೂ ಇಲ್ಲ. "ಇನ್ನ ಇದು ಬ್ಯಾಡ. ನಾಳೆ ಕಾಲು ತಗೀಬೇಕು."

ಸಾವಕ್ಕ ಮಗನನ್ನು ಕಂಡು ನಕ್ಕಳು. "ಬಂದೆಪಾ? ನನ್ನ ಮಗನ ಕೈಲೆ ಬರೋ ಔಷಧ ಅಂತ, ಹಚ್ಚೂ ಮುಂದ ಕಣ್ಣಿಗೊತ್ಕೊಂಡೇ ಹಚ್ಚಿಸ್ಕೊಂಡೆ. ನನ್ನ ದೈವ ಸಣ್ಣದು, ಅದೇನ್ ಮಾಡೀತು."

ಗವಿಸಿದ್ದೇಶ ಪೆಟ್ಟಿಗೆ ಹಿಡಿದುಕೊಂಡೇ ಪರದೆಯಿಂದ ಹಿಂದೆ ಸರಿದ. ಪುಂಡಲೀಕಪ್ಪ ಹತ್ತಿರ ಬಂದು, ರೋಗಿಗೆ ಕೇಳಿಸದಂತೆ ದನಿ ತಗ್ಗಿಸಿದ. "ನಿನಗ ಹೇಳಬ್ಯಾಡ ಅಂದಾವ ನಾನ. ಸಿಟ್ಟಿನ ಮನಶಾ, ನನ್ನ ಹೆಸರು ಕೇಳಿದ್ರ ಬ್ಯಾಡ ಅಂತಿದ್ದಿ. ನಾ ಹುಟ್ಟಿದಾಗ ನಮ್ಮವ್ವಗ ಹಾಲು ಬರಲಿಲ್ಲೋ. ನಿಮ್ಮವ್ವ ಶೈಲಾನ್ನ ಒಂದು ಮಗ್ಗಲಕ್ಕ, ನನ್ನ ಇನ್ನೊಂದು ಮಗ್ಗಲಕ್ಕ ಹಾಕ್ಕೊಂಡು ಕುಡಿಸ್ಯಾಳ. ನೀ ಇನ್ನೂ ಹುಟ್ಟಿರಲಿಲ್ಲ, ನಿನಗ ಯಾರು ಹೇಳಬೇಕು? ಅಕಿ ಪಾಳಿ ನಾ ತಗೊಂಡೇನಿ ಅಂತ ಶೈಲಾ ಅಂದ ದಿನಾನ ಡಾಕ್ಟರ ಹಂತ್ಯಾಕ ಹೋದೆ. ಮೊದಲನೇದೊಂದು ಶೀಸೆ ನನಗ ಹಚ್ಚಿದ್ರು. ಎರಡನೇದರಿಂದ ಎಲ್ಲಾನೂ, ಅಕಿದು ಅಕಿಗೇ ತಿರುಗಿ ಕೊಟ್ಟೇನಿ ತಮ್ಮಾ."